ಕೆಲಸ ಬಿಟ್ಟವರ ಫೋನಿನಲ್ಲಿ ಉಳಿದ ಅಂಗಡಿ

ಮುಂಬೈಯಲ್ಲಿ ನಮ್ಮವರ ಹೋಟೆಲು, ಕ್ಯಾಟರಿಂಗ್, ಟ್ರಾನ್ಸ್‌ಪೋರ್ಟ್ ಆಫೀಸು, ಸಣ್ಣಪುಟ್ಟ ಕಾರ್ಖಾನೆ ನಡೆಯುವುದು ಹೆಚ್ಚಾಗಿ ನಂಬಿಕೆಯ ಮೇಲೆ. ಕೆಲಸಕ್ಕೆ ಬರುವವರು ಊರಿನವರು, ಇಲ್ಲಾ ಊರಿನವರ ಪರಿಚಯದವರು. ವರ್ಷಗಟ್ಟಲೆ ಗಲ್ಲಾ ನೋಡಿಕೊಂಡವನು ಒಂದು ದಿನ "ಅಣ್ಣಾ, ಸ್ವಂತದ್ದು ಏನಾದ್ರೂ ಮಾಡ್ಬೇಕು ಅಂತಿದ್ದೇನೆ" ಅನ್ನುತ್ತಾನೆ. ಮಾಲೀಕರೂ ಒಂದು ಕಾಲದಲ್ಲಿ ಹಾಗೇ ಹೊರಬಂದು ಹೋಟೆಲ್ ಹಾಕಿದವರು. ತಡೆಯಲು ಮನಸ್ಸು ಬರುವುದಿಲ್ಲ. ಸಂಬಳದ ಲೆಕ್ಕ ಚುಕ್ತಾ ಆಗುತ್ತದೆ, ಬೀಗದ ಕೈ ವಾಪಸ್ ಬರುತ್ತದೆ, ಒಳ್ಳೆಯದಾಗಲಿ ಅಂತ ಹರಸಿ ಕಳಿಸುತ್ತಾರೆ.

ಹಿಂದೆ ಅಷ್ಟು ಸಾಕಿತ್ತು. ಬೀಗದ ಕೈ ಮತ್ತು ಲೆಕ್ಕದ ಪುಸ್ತಕ ಕೈಗೆ ಬಂದರೆ ಅಂಗಡಿ ಕೈಯಲ್ಲಿದ್ದ ಹಾಗೆ. ಈಗ ಅಂಗಡಿಯ ಅರ್ಧ ಭಾಗ ಫೋನಿನೊಳಗಿದೆ. ಅದು ಯಾರ ಫೋನು, ಯಾರ ನಂಬರು ಅನ್ನುವುದನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಮುಲುಂಡ್‌ನಲ್ಲಿ ಒಂದು ಉಡುಪಿ ಹೋಟೆಲ್ ಇದೆ ಅಂದುಕೊಳ್ಳಿ. ಎಂಟು ವರ್ಷದ ಮ್ಯಾನೇಜರ್ ಬಿಟ್ಟು ಹೋಗುತ್ತಿದ್ದಾನೆ. ಅವನ ಫೋನು ತೆಗೆದು ನೋಡಿದರೆ ಏನೇನಿರುತ್ತದೆ? ಸ್ವಿಗ್ಗಿ, ಜೊಮ್ಯಾಟೊಗಳ ಪಾರ್ಟ್ನರ್ ಆ್ಯಪ್ ಅವನ ನಂಬರಿನಲ್ಲಿ ಲಾಗಿನ್ ಆಗಿದೆ. ಗೂಗಲ್ ಮ್ಯಾಪ್‌ನಲ್ಲಿ ಹೋಟೆಲಿನ ಹೆಸರು, ಫೋಟೊ, ಸಮಯ ಹಾಕಿದ್ದು ಅವನ ಸ್ವಂತ ಜಿಮೇಲ್‌ನಿಂದ. ಸಿಸಿಟಿವಿ ಆ್ಯಪ್ ಇದೆ, ಗಲ್ಲಾದ ಮೇಲಿನ ಕ್ಯಾಮೆರಾ ಮನೆಯಲ್ಲಿ ಕೂತೇ ಕಾಣುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನ ಅಡ್ಮಿನ್ ಪಾಸ್‌ವರ್ಡ್ ಅವನಿಗೆ ಬಾಯಿಪಾಠ. ಮದುವೆ, ಮುಂಜಿ, ಆಫೀಸ್ ಪಾರ್ಟಿಗಳ ಆರ್ಡರ್ ಬರುವ ವಾಟ್ಸ್‌ಆ್ಯಪ್ ನಂಬರಿನ ಸಿಮ್ ಅವನ ಆಧಾರ್ ಮೇಲೆ ತೆಗೆದದ್ದು. ಜಿಎಸ್‌ಟಿ ಪೋರ್ಟಲ್‌ನ ಓಟಿಪಿ ಸಹ ಅಲ್ಲಿಗೇ ಬರುತ್ತದೆ.

ಇದರಲ್ಲಿ ಕಳ್ಳತನ ಒಂದೂ ಇಲ್ಲ. "ನೀನೇ ನೋಡ್ಕೊ ಮಾರಾಯ, ನಂಗೆ ಇದೆಲ್ಲ ತಿಳಿಯೂದಿಲ್ಲ" ಅಂತ ಧಣಿಗಳೇ ಹೇಳಿದ್ದಕ್ಕೆ ಅವನು ಮಾಡಿದ್ದು. ಕೆಲಸ ಚೆನ್ನಾಗಿ ಮಾಡಿದವನ ಹೆಸರಿನಲ್ಲೇ ಇಂಥವು ಜಾಸ್ತಿ ಇರುತ್ತವೆ. ಅದಕ್ಕೇ ಇದನ್ನು ಒಳ್ಳೆಯವನು, ಕೆಟ್ಟವನು ಅನ್ನುವ ಲೆಕ್ಕದಲ್ಲಿ ನೋಡಬಾರದು.

ಒಳ್ಳೆಯವನೇ ಆದರೂ ತೊಂದರೆ ಆಗುತ್ತದೆ. ಅವನು ಆ ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಬಿಡುತ್ತಾನೆ, ನಂಬರ್ ಬಂದ್ ಆಗುತ್ತದೆ. ಬಂದ್ ಆದ ನಂಬರನ್ನು ಕಂಪನಿಗಳು ಕನಿಷ್ಠ 90 ದಿನ ಬಿಟ್ಟು ಬೇರೆ ಗಿರಾಕಿಗೆ ಕೊಡಬಹುದು. ಆಮೇಲೆ ನಿಮ್ಮ ಹಳೇ ಗಿರಾಕಿಗಳು ಇನ್ನೂರು ಊಟದ ಆರ್ಡರ್ ಕಳಿಸುವುದು ಗುರುತೇ ಇಲ್ಲದ ಒಬ್ಬರಿಗೆ. ಅಥವಾ ಅವನ ಫೋನು ಲೋಕಲ್ ಟ್ರೇನಿನಲ್ಲಿ ಕಳೆದುಹೋಗುತ್ತದೆ. ಫೋನು ಸಿಕ್ಕವನ ಕೈಗೆ ಹೋಟೆಲಿನ ಕೀಲಿಯೂ ಹೋಯಿತು. ಮ್ಯಾನೇಜರ್‌ಗೆ ಅದರ ನೆನಪೂ ಇರುವುದಿಲ್ಲ.

ಇನ್ನು ಮನಸ್ಸು ಕೆಟ್ಟು ಹೋದವರ ವಿಷಯ. ಸಿಂಗಪುರದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಎಡವಿದ ಜಾಗ ತೀರಾ ಸಣ್ಣದು. ಎನ್‌ಸಿಎಸ್ ಅನ್ನುವ ದೊಡ್ಡ ಐಟಿ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ತಂಡದಲ್ಲಿದ್ದ ಒಬ್ಬ ಭಾರತೀಯನ ಕೆಲಸ 2022ರ ನವೆಂಬರ್‌ನಲ್ಲಿ ಹೋಯಿತು. ಅವನು ಬಳಸುತ್ತಿದ್ದ ಅಡ್ಮಿನ್ ಲಾಗಿನ್ ಮಾತ್ರ ಹಾಗೇ ಉಳಿಯಿತು. ಊರಿಗೆ ಬಂದು, 2023ರ ಜನವರಿಯಿಂದ ಅದೇ ಲಾಗಿನ್‌ನಲ್ಲಿ ಮತ್ತೆ ಮತ್ತೆ ಒಳಗೆ ಹೋಗಿ ನೋಡಿದ. ಸರ್ವರ್‌ಗಳನ್ನು ಅಳಿಸುವ ಸಣ್ಣ ಪ್ರೋಗ್ರಾಮ್ ಹೇಗೆ ಬರೆಯುವುದು ಅಂತ ಗೂಗಲ್‌ನಲ್ಲಿ ಹುಡುಕಿದ. ಮಾರ್ಚ್‌ನಲ್ಲಿ ಅದನ್ನು ಓಡಿಸಿದ. 180 ವರ್ಚುವಲ್ ಸರ್ವರ್‌ಗಳು, ಅಂದರೆ ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಕಂಪ್ಯೂಟರ್‌ಗಳು, ಅಳಿಸಿಹೋದವು. ಕಂಪನಿಗಾದ ನಷ್ಟ ಸುಮಾರು 9 ಲಕ್ಷ 18 ಸಾವಿರ ಸಿಂಗಪುರ ಡಾಲರ್. 2024ರಲ್ಲಿ ಅವನಿಗೆ 2 ವರ್ಷ 8 ತಿಂಗಳು ಜೈಲು ಆಯಿತು. ಕೆಲಸ ಹೋದದ್ದು ನವೆಂಬರ್, ಸರ್ವರ್ ಅಳಿಸಿದ್ದು ಮಾರ್ಚ್. ನಡುವಿನ ನಾಲ್ಕು ತಿಂಗಳಲ್ಲಿ ಯಾರಾದರೂ ಒಬ್ಬರು ಆ ಒಂದು ಪಾಸ್‌ವರ್ಡ್ ಬದಲಿಸಿದ್ದರೆ ಕಂಪನಿಯೂ ಉಳಿಯುತ್ತಿತ್ತು, ಅವನ ಬದುಕೂ ಉಳಿಯುತ್ತಿತ್ತು. ನನಗೆ ಎರಡನೆಯದೇ ಹೆಚ್ಚು ಬೇಸರ ತರಿಸುತ್ತದೆ. ಸಿಟ್ಟಿನಲ್ಲಿದ್ದವನ ಎದುರು ಬಾಗಿಲು ತೆರೆದಿಟ್ಟದ್ದು ಕಂಪನಿಯೇ.

ಅಮೆರಿಕದಲ್ಲೂ ಹೀಗೇ ಆಗಿದೆ. 2021ರ ಡಿಸೆಂಬರ್‌ನಲ್ಲಿ ಕ್ಯಾಶ್ ಆ್ಯಪ್ ಅನ್ನುವ ಹಣದ ಆ್ಯಪ್‌ನ ಮಾಜಿ ನೌಕರರೊಬ್ಬರು ಕೆಲಸ ಬಿಟ್ಟ ಮೇಲೆ ಕೆಲವು ವರದಿಗಳನ್ನು ಇಳಿಸಿಕೊಂಡರು. ಕಂಪನಿ ಸುಮಾರು 82 ಲಕ್ಷ ಗಿರಾಕಿಗಳಿಗೆ ವಿಷಯ ತಿಳಿಸಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಲೋನಿಯಲ್ ಪೈಪ್‌ಲೈನ್ ಅನ್ನುವ ಪೆಟ್ರೋಲ್ ಸಾಗಿಸುವ ಕಂಪನಿ ದಿನಗಟ್ಟಲೆ ನಿಂತುಹೋಯಿತು. ಹೊರಗಿನ ಕಳ್ಳರು ಒಳಗೆ ನುಗ್ಗಿದ್ದು, ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ (ಹೊರಗೆ ಕೂತು ಕಂಪನಿಯ ಕಂಪ್ಯೂಟರ್ ಜಾಲಕ್ಕೆ ಸೇರುವ ದಾರಿ) ಅಕೌಂಟ್ ಮೂಲಕ. ಅದಕ್ಕೆ ಓಟಿಪಿಯಂಥ ಎರಡನೇ ತಡೆ ಇರಲಿಲ್ಲ. ಯಾರ ಸಿಟ್ಟೂ ಬೇಕಾಗಲಿಲ್ಲ. ಅಕೌಂಟ್ ತೆರೆದಿದ್ದದ್ದೇ ಸಾಕಾಯಿತು.

"ಪಾಸ್‌ವರ್ಡ್ ಬದಲಾಯಿಸಿದ್ದೇವೆ, ಇನ್ನೇನು?" ಅಂತ ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ಸರಿಯಾಗಿ ಉತ್ತರ ತಿಳಿದರೆ ಅರ್ಧ ವಿಷಯ ತಿಳಿದ ಹಾಗೆ.

ನಾವು ಒಂದು ಆ್ಯಪ್‌ಗೆ ಪಾಸ್‌ವರ್ಡ್ ಹಾಕಿ ಒಳಗೆ ಹೋದಾಗ, ಅದು ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ ಅಲ್ವಾ? ಮೊದಲ ಸಲ ಗುರುತು ನೋಡಿ, ನಮ್ಮ ಫೋನಿಗೆ ಒಂದು ಟೋಕನ್ ಕೊಟ್ಟಿರುತ್ತದೆ. ಇದು ಲೋಕಲ್ ಟ್ರೇನಿನ ಪಾಸ್ ಇದ್ದ ಹಾಗೆ. ಕೌಂಟರ್‌ನಲ್ಲಿ ಒಮ್ಮೆ ಗುರುತಿನ ಚೀಟಿ ತೋರಿಸಿದರೆ ಆಯಿತು, ಆಮೇಲೆ ಪಾಸ್ ಇದ್ದಷ್ಟು ದಿನ ಹತ್ತಬಹುದು, ಇಳಿಯಬಹುದು. ಪಾಸ್‌ವರ್ಡ್ ಬದಲಿಸಿದರೆ ಕೆಲವು ಕಡೆ ಈ ಟೋಕನ್ ಸಹ ರದ್ದಾಗುತ್ತದೆ, ಕೆಲವು ಕಡೆ ಆಗುವುದಿಲ್ಲ. ಅದಕ್ಕೇ ಪಾಸ್‌ವರ್ಡ್ ಬದಲಿಸಿದ ಮೇಲೆ "ಎಲ್ಲ ಸಾಧನಗಳಿಂದ ಲಾಗೌಟ್" ಅನ್ನುವುದನ್ನು ಬೇರೆಯಾಗಿ ಒತ್ತಬೇಕು. ಆಫೀಸಿನ ಮೇಲ್, ಫೈಲುಗಳಿಗೆ ಬಳಸುವ ಮೈಕ್ರೊಸಾಫ್ಟ್ 365ರಲ್ಲಿ ಲಾಗಿನ್ ಬಂದ್ ಮಾಡಿ, ತೆರೆದಿರುವ ಸೆಷನ್‌ಗಳನ್ನು ರದ್ದು ಮಾಡಿದರೂ, ಮೊದಲೇ ಕೊಟ್ಟ ಟೋಕನ್ ಕೆಲವೊಮ್ಮೆ ಸುಮಾರು ಒಂದು ಗಂಟೆ ನಡೆಯಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಪಾಸ್‌ವರ್ಡೇ ಇಲ್ಲ. ಅಲ್ಲಿ ನಂಬರೇ ಗುರುತು. ಸಿಮ್ ವಾಪಸ್ ತಗೊಂಡು ಹೊಸ ಫೋನಿಗೆ ಹಾಕಿ ನೋಂದಾಯಿಸಿದರೆ ಹಳೆಯ ಫೋನಿನಲ್ಲಿ ಬಂದ್ ಆಗುತ್ತದೆ. ಸಿಮ್ಮೂ ಫೋನೂ ಅಂಗಡಿಯದೇ ಆಗಿದ್ದರೆ ಅಪಾಯ ಬೇರೆ ಕಡೆ. ಅದೇ ವಾಟ್ಸ್‌ಆ್ಯಪ್ ಅವನ ಲ್ಯಾಪ್‌ಟಾಪ್‌ನಲ್ಲೂ ತೆರೆದಿರಬಹುದು. ಅದು ತನ್ನಷ್ಟಕ್ಕೆ ನಡೆಯುತ್ತಾ ಇದ್ದರೆ, ನೀವು ಗಿರಾಕಿಗೆ ಬರೆದದ್ದೆಲ್ಲ ಅಲ್ಲೂ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಗುರುತು ಸಿಗದ ಪ್ರತಿಯೊಂದನ್ನೂ ತೆಗೆಯಿರಿ. ಆಮೇಲೆ ಟು-ಸ್ಟೆಪ್ ವೆರಿಫಿಕೇಶನ್‌ನ ಆರು ಅಂಕಿಯ ಪಿನ್ ಅನ್ನು ಹೊಸದಾಗಿ ಇಡಿ.

ಆಫೀಸಿನ ಕಂಪ್ಯೂಟರ್‌ನಲ್ಲಿ ಎನಿಡೆಸ್ಕ್, ಅಂದರೆ ದೂರದಲ್ಲಿ ಕೂತು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್, ಇದೆಯೇ ನೋಡಿ. ಅಕೌಂಟೆಂಟ್ ಮನೆಯಿಂದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ನೋಡಲಿ ಅಂತ ಹಾಕಿಸಿದ್ದು, ಅದಕ್ಕೊಂದು ಖಾಯಂ ಪಾಸ್‌ವರ್ಡ್ ಇಟ್ಟದ್ದು ಎಷ್ಟೋ ಕಡೆ ಹಾಗೇ ಇರುತ್ತದೆ. ಅದು ಗೊತ್ತಿದ್ದವನಿಗೆ ಆಫೀಸಿನಲ್ಲಿ ಯಾರೂ "ಒಪ್ಪಿಗೆ" ಒತ್ತುವುದು ಬೇಡ. ರಾತ್ರಿ ಹನ್ನೊಂದಕ್ಕೆ ಬಂದು ಲೆಡ್ಜರ್ ನೋಡಿ ಹೋಗಬಹುದು. ಟ್ಯಾಲಿಯಲ್ಲಿ ಎಲ್ಲರೂ ಒಂದೇ ಅಡ್ಮಿನ್ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರೆ ಯಾರು ಯಾವ ಎಂಟ್ರಿ ತಿದ್ದಿದರು ಅಂತ ಹೇಳುವುದೂ ಕಷ್ಟ.

ಇಮೇಲ್‌ನಲ್ಲಿ ಇನ್ನೊಂದು ಮೂಲೆ ಇದೆ, ಅಲ್ಲಿ ಯಾರೂ ಇಣುಕುವುದಿಲ್ಲ: ಫಾರ್ವರ್ಡಿಂಗ್. ಆಫೀಸಿಗೆ ಬಂದ ಮೇಲ್‌ನ ಒಂದು ಪ್ರತಿ ತನ್ನ ಸ್ವಂತ ಜಿಮೇಲ್‌ಗೂ ಬರಲಿ ಅಂತ ಯಾವತ್ತೋ ಇಟ್ಟಿರುತ್ತಾರೆ, ಮನೆಯಿಂದ ಕೆಲಸ ಮಾಡಲು ಸುಲಭವಾಗಲಿ ಅಂತ. ಆ ಮೇಲ್ ವಿಳಾಸವನ್ನು ಹೊಸಬರಿಗೆ ಕೊಟ್ಟು ಪಾಸ್‌ವರ್ಡ್ ಬದಲಿಸಿದರೂ ಫಾರ್ವರ್ಡಿಂಗ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕೊಟೇಶನ್, ಬಿಲ್ಲು, ಗಿರಾಕಿಯ ದೂರು ಎಲ್ಲವೂ ಹೋಗುತ್ತಿರುತ್ತವೆ. ರಿಕವರಿ ನಂಬರ್ ಸಹ ನೋಡಲೇಬೇಕು. ಪಾಸ್‌ವರ್ಡ್ ಮರೆತರೆ ಓಟಿಪಿ ಯಾರಿಗೆ ಹೋಗುತ್ತದೋ, ಆ ಅಕೌಂಟಿನ ನಿಜವಾದ ಮಾಲೀಕ ಅವನೇ.

ಪುಣೆಯ ಹಿಂಜವಡಿ, ಖರಾಡಿ ಕಡೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿರುತ್ತದೆ. ದೊಡ್ಡ ಕಂಪನಿಯಲ್ಲಿ ಎಲ್ಲ ಆ್ಯಪ್‌ಗಳೂ ಒಂದೇ ಲಾಗಿನ್‌ಗೆ ಕಟ್ಟಿಕೊಂಡಿರುತ್ತವೆ. ಅದನ್ನು ಮುಚ್ಚಿದರೆ ಹೆಚ್ಚುಕಮ್ಮಿ ಎಲ್ಲವೂ ಮುಚ್ಚುತ್ತದೆ. ಹತ್ತು ಹದಿನೈದು ಜನರ ಸ್ಟಾರ್ಟಪ್‌ನಲ್ಲಿ ಹಾಗಿರುವುದಿಲ್ಲ. ಕ್ಲೌಡ್ ಸರ್ವರ್‌ಗೆ ಪಾಸ್‌ವರ್ಡ್ ಅಲ್ಲದೆ ಆ್ಯಕ್ಸೆಸ್ ಕೀ ಅಂತ ಇನ್ನೊಂದು ಇರುತ್ತದೆ, ಪ್ರೋಗ್ರಾಮ್‌ಗಳು ಬಳಸುವುದಕ್ಕೆ. ಪಾಸ್‌ವರ್ಡ್ ಬದಲಿಸಿದರೆ ಕೀ ಬದಲಾಗುವುದಿಲ್ಲ. ಅದನ್ನು ಒಬ್ಬ ಡೆವಲಪರ್ ತನ್ನ ಹೆಸರಿನಲ್ಲಿ ತೆಗೆದು ಹತ್ತು ಕಡೆ ಹಾಕಿರುತ್ತಾನೆ. ಅವನು ಹೋದ ಮೇಲೆ ಅದನ್ನು ರದ್ದು ಮಾಡಲು ಎಲ್ಲರಿಗೂ ಭಯ, ಏನು ನಿಂತುಹೋಗುತ್ತದೋ ಅಂತ. ಹಾಗೇ ಬಿಡುತ್ತಾರೆ. ಪ್ರೋಗ್ರಾಮ್ ಬಳಸುವ ಕೀ ಯಾವತ್ತೂ ವ್ಯಕ್ತಿಯ ಹೆಸರಿನಲ್ಲಿ ಇರಬಾರದು ಅನ್ನುವುದು ಇದಕ್ಕೇ.

ಹಾಗಾದರೆ ಯಾವ ಕ್ರಮದಲ್ಲಿ ಮಾಡುವುದು? ಮೊದಲು ಹಸ್ತಾಂತರ, ಆಮೇಲೆ ಬೀಗ. ಗಡಿಬಿಡಿಯಲ್ಲಿ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಹೋದವನ ಅಕೌಂಟನ್ನು ಸೀದಾ ಡಿಲೀಟ್ ಮಾಡಿಬಿಡುತ್ತಾರೆ, ಜೊತೆಗೆ ಅವನ ಡ್ರೈವ್‌ನಲ್ಲಿದ್ದ ಎಲ್ಲ ಶೀಟುಗಳೂ ಹೋಗುತ್ತವೆ. ಕಂಪನಿಗಳಿಗೆ ಗೂಗಲ್ ಕೊಡುವ ಮೇಲ್, ಡ್ರೈವ್ ಸೇವೆಯಾದ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಡಿಲೀಟ್ ಮಾಡಿದ ಅಕೌಂಟನ್ನು 20 ದಿನದೊಳಗೆ ವಾಪಸ್ ತರಬಹುದು, ಮೈಕ್ರೊಸಾಫ್ಟ್ 365ರಲ್ಲಿ 30 ದಿನ. ಅದಾದ ಮೇಲೆ ದೇವರೇ ಗತಿ. ಡಿಲೀಟ್ ಮಾಡುವ ಬದಲು ಸಸ್ಪೆಂಡ್ ಮಾಡಿ. ಅವನು ಒಳಗೆ ಬರಲು ಆಗುವುದಿಲ್ಲ, ಫೈಲುಗಳು ಉಳಿಯುತ್ತವೆ. ಅವುಗಳ ಮಾಲೀಕತ್ವ ಇನ್ನೊಬ್ಬರ ಹೆಸರಿಗೆ ಬದಲಿಸಿ, ಎರಡು ಮೂರು ತಿಂಗಳು ನೋಡಿ ಆಮೇಲೆ ಡಿಲೀಟ್ ಮಾಡಿ.

ಕೆಲವು ಹಸ್ತಾಂತರಕ್ಕೆ ಸಮಯ ಹಿಡಿಯುತ್ತದೆ. ಗೂಗಲ್ ಮ್ಯಾಪ್‌ನ ಹೋಟೆಲ್ ಪ್ರೊಫೈಲ್‌ಗೆ ಮಾಲೀಕರನ್ನು ಓನರ್ ಆಗಿ ಸೇರಿಸಿದರೂ ಪೂರ್ತಿ ಅಧಿಕಾರ ಸಿಗುವುದು 7 ದಿನದ ನಂತರ. ಕೊನೆಯ ದಿನ ಮಾಡಿದರೆ ಆಗುವ ಕೆಲಸವಲ್ಲ. ಸಿಮ್ ಅವನ ಹೆಸರಿನಲ್ಲಿದ್ದರೆ ಇಬ್ಬರೂ ದಾಖಲೆ ಹಿಡಿದು ಮೊಬೈಲ್ ಕಂಪನಿಯ ಶೋರೂಮಿಗೆ ಹೋಗಬೇಕು, ಹೆಸರು ಬದಲಿಸಿ ಕೊಡುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮೊಬೈಲ್, ಇಮೇಲ್ ಬದಲಿಸುವುದು ಓಟಿಪಿ ಬರುವ ಫೋನು ಎದುರಿಗಿದ್ದರೆ ಸುಲಭ. ಅವನು ಕುಂದಾಪುರಕ್ಕೆ ಹೋಗಿ ಫೋನ್ ಎತ್ತದೇ ಇದ್ದರೆ ದಾಖಲೆ ತಗೊಂಡು ನಿಮ್ಮ ವಲಯದ ತೆರಿಗೆ ಅಧಿಕಾರಿಯ ಬಳಿ ಹೋಗಬೇಕು. ಮಾಲೀಕರ ಡಿಜಿಟಲ್ ಸಹಿಯ ಟೋಕನ್, ಪೆನ್‌ಡ್ರೈವ್ ಥರ ಇರುತ್ತದಲ್ಲ, ಅದು ಅಕೌಂಟೆಂಟ್‌ನ ಡ್ರಾಯರ್‌ನಲ್ಲಿದ್ದರೆ ಇವತ್ತೇ ತಗೊಳ್ಳಿ. ಅದು ನಿಮ್ಮ ಸಹಿ. ಪಿನ್ ಸಹ ಬದಲಿಸಿ.

ಇದನ್ನೆಲ್ಲ ನೋಟಿಸ್ ಪೀರಿಯಡ್‌ನಲ್ಲೇ, ಅವನ ಪಕ್ಕದಲ್ಲಿ ಕೂತು, ಒಂದೊಂದಾಗಿ ಮಾಡುವುದು ಒಳ್ಳೆಯದು. "ಯಾವ್ಯಾವುದು ನಿನ್ನ ನಂಬರಲ್ಲಿ ಉಂಟು, ಒಮ್ಮೆ ನೋಡ್ಬಿಡೋಣ" ಅಂತ ಕೇಳಿದರೆ ಒಳ್ಳೆಯ ಮನುಷ್ಯ ತಾನೇ ಹತ್ತು ನೆನಪು ಮಾಡಿ ಹೇಳುತ್ತಾನೆ. ನೀವು ಮರೆತದ್ದೂ ಅವನಿಗೆ ನೆನಪಿರುತ್ತದೆ. ಪೊಲೀಸರ ಹಾಗೆ ವಿಚಾರಿಸಿದರೆ ಏನೂ ಹೇಳುವುದಿಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ಫೈಲು ತಗೊಂಡು ಹೋಗಬೇಕು ಅಂತ ನಿರ್ಧರಿಸಿದವನು ರಾಜೀನಾಮೆ ಕೊಡುವ ಮೊದಲೇ ತಗೊಂಡಿರುತ್ತಾನೆ. ಕೊನೆಯ ದಿನ ಬಾಗಿಲು ಹಾಕಿ ಅದನ್ನು ತಡೆಯಲು ಆಗುವುದಿಲ್ಲ. ಅದಕ್ಕೆ ಇರುವ ಮದ್ದು ಒಂದೇ, ಯಾರಿಗೆ ಎಷ್ಟು ಬೇಕೋ ಅಷ್ಟೇ ತೆರೆದಿಡುವುದು. ಪುಣೆ ಹತ್ತಿರದ ಭೋಸರಿಯಲ್ಲಿ ವಾಹನದ ಬಿಡಿಭಾಗ ಮಾಡುವ ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಗಿರಾಕಿ ಕಂಪನಿ ಗುಟ್ಟು ಕಾಪಾಡುತ್ತೀರಿ ಅಂತ ಸಹಿ ಹಾಕಿಸಿಕೊಂಡು ಡ್ರಾಯಿಂಗ್ ಕೊಟ್ಟಿರುತ್ತದೆ. ಆ ಡ್ರಾಯಿಂಗ್‌ಗಳ ಫೋಲ್ಡರ್ ಸ್ಟೋರ್‌ಕೀಪರ್‌ನಿಂದ ಹಿಡಿದು ಎಲ್ಲರಿಗೂ ತೆರೆದಿದ್ದರೆ, ಹೋಗುವವನ ಪೆನ್‌ಡ್ರೈವ್ ಹುಡುಕಿ ಏನು ಪ್ರಯೋಜನ?

ನೀವಾಗಿಯೇ ತೆಗೆದುಹಾಕುವ ಸಂದರ್ಭ ಬೇರೆ. ಆಗ ಮಾತುಕತೆ ಒಳಗೆ ನಡೆಯುತ್ತಿರುವಾಗಲೇ ಲಾಗಿನ್ ಬಂದ್ ಆಗಬೇಕು. ಕೇಳಲು ಕಠಿಣ ಅನಿಸುತ್ತದೆ. ಅದೇ ದಿನ ಅವರ ಲೆಕ್ಕವನ್ನೂ ಅಷ್ಟೇ ಚುರುಕಾಗಿ ಮುಗಿಸಿದರೆ ಕಠಿಣ ಅನಿಸುವುದಿಲ್ಲ. ಕೆಲಸ ಬಿಟ್ಟರೂ, ಬಿಡಿಸಿದರೂ, ಬರಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತದೆ. ಸಂಬಳ ತಿಂಗಳುಗಟ್ಟಲೆ ಸತಾಯಿಸುತ್ತಾ, ಲಾಗಿನ್ ಮಾತ್ರ ಮರೆತುಬಿಡುವ ಆಫೀಸುಗಳಿವೆ. ಸಿಟ್ಟನ್ನೂ ಕೊಟ್ಟು, ಸಿಟ್ಟು ತೀರಿಸಲು ದಾರಿಯನ್ನೂ ಕೊಟ್ಟಂತೆ.

ಕೆಲವು ಮಾಲೀಕರು ಇನ್ನೊಂದು ತುದಿಗೆ ಹೋಗುತ್ತಾರೆ. ಎರಡು ವರ್ಷ ಇದೇ ಧಂದೆ ಮಾಡಬಾರದು ಅಂತ ಬರೆಸಿಕೊಳ್ಳುತ್ತಾರೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೆ ದುಡಿದು ತಿನ್ನುವುದನ್ನು ತಡೆಯುವ ಇಂಥ ಷರತ್ತು ನಿಲ್ಲುವುದಿಲ್ಲ. ಎದುರು ಬೀದಿಯಲ್ಲೇ ಹೋಟೆಲ್ ಹಾಕಿದರೂ ಅದು ಅವನ ಹಕ್ಕು. ಅವನ ಕೈರುಚಿ, ಅನುಭವ, ಜನರ ಜೊತೆಗಿನ ಸಲಿಗೆ ಅವನದು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಗಿರಾಕಿಗಳ ನಂಬರಿನ ಪಟ್ಟಿ ಅವನದಲ್ಲ. ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ನುಗ್ಗುವುದು, ಡೇಟಾ ನಕಲು ಮಾಡುವುದು, ಅಳಿಸುವುದು 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ ಬರುತ್ತದೆ, ಪರಿಹಾರ ಕೇಳಬಹುದು. ಮೋಸದ ಉದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಮಾಲೀಕರ ಮೇಲೂ ಹೊಣೆ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಗಿರಾಕಿಗಳ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಸಣ್ಣ ಹೋಟೆಲಿಗೆ ಅಷ್ಟು ಹಾಕುತ್ತಾರೆ ಅಂತಲ್ಲ. ಆದರೆ "ಹಳೇ ಮ್ಯಾನೇಜರ್ ತಗೊಂಡು ಹೋದ, ನಾವೇನು ಮಾಡೋದು" ಅನ್ನುವ ಉತ್ತರ ಇನ್ನು ನಡೆಯುವುದಿಲ್ಲ.

ಇಷ್ಟೆಲ್ಲ ಪರದಾಟ ಬೇಡ ಅನಿಸಿದರೆ, ಕೆಲಸಕ್ಕೆ ಸೇರುವ ದಿನ ಸ್ವಲ್ಪ ಗಮನ ಕೊಟ್ಟರೆ ಸಾಕು. ಅಂಗಡಿಯ ನಂಬರು ಅಂಗಡಿಯ ಹೆಸರಿನ ಸಿಮ್‌ನಲ್ಲಿ, ಅಂಗಡಿಯದೇ ಒಂದು ಫೋನಿನಲ್ಲಿ ಇರಲಿ. ವೆಬ್‌ಸೈಟಿನ ಡೊಮೇನ್, ಫೇಸ್‌ಬುಕ್ ಪುಟ, ಗೂಗಲ್ ಪ್ರೊಫೈಲ್ ಇವುಗಳ ಮುಖ್ಯ ಮಾಲೀಕತ್ವ ಮಾಲೀಕರ ಹತ್ತಿರವೇ ಇರಲಿ, ಕೆಲಸದವರನ್ನು ಮ್ಯಾನೇಜರ್ ಆಗಿ ಸೇರಿಸಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಯಾರಿಗೆ ಏನು ಕೊಟ್ಟಿದ್ದೇವೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪಾಸ್‌ವರ್ಡ್ ಬರೆಯಬೇಡಿ, ಹೆಸರು ಮತ್ತು ದಿನಾಂಕ ಸಾಕು. ಬಿಡುವ ದಿನ ಆ ಪುಟ ತೆಗೆದು ಒಂದೊಂದೇ ಗೆರೆ ಹೊಡೆಯುತ್ತಾ ಹೋಗಬಹುದು.

"ಇಷ್ಟು ವರ್ಷ ಇದ್ದವನ ಮೇಲೆ ಸಂಶಯ ಪಟ್ಟ ಹಾಗಾಗುವುದಿಲ್ವಾ?" ಅನ್ನುವ ಮುಜುಗರ ನನಗೆ ಅರ್ಥವಾಗುತ್ತದೆ. ನಮ್ಮವರಲ್ಲಿ ಈ ಕೆಲಸ ಆಗದೇ ಇರುವುದಕ್ಕೆ ದೊಡ್ಡ ಕಾರಣವೇ ಇದು. ಆದರೆ ಆರು ತಿಂಗಳ ಮೇಲೆ ಗಲ್ಲಾದಲ್ಲಿ ಲೆಕ್ಕ ತಪ್ಪಿತು, ಇಲ್ಲವೇ ಗೂಗಲ್‌ನಲ್ಲಿ ಹೋಟೆಲ್ "ಖಾಯಂ ಮುಚ್ಚಿದೆ" ಅಂತ ತೋರಿಸಿತು ಅನ್ನಿ. ಮೊದಲು ಯಾರ ಹೆಸರು ಬಾಯಿಗೆ ಬರುತ್ತದೆ? ಲಾಗಿನ್ ಯಾರ ಹತ್ತಿರ ಉಳಿದಿತ್ತೋ ಅವರದ್ದು. ಏನೂ ಮಾಡದವನ ಹೆಸರು ಊರೆಲ್ಲ ಕೆಡುತ್ತದೆ. ಅಷ್ಟು ವರ್ಷ ದುಡಿದವನನ್ನು ಆ ಸಂಶಯದಿಂದ ಉಳಿಸಬೇಕಾದರೆ, ಹೋಗುವ ದಿನವೇ ಎಲ್ಲ ತೆಗೆದುಕೊಂಡಾಯಿತು ಅಂತ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅದರ ಒಂದು ಪ್ರತಿ ಅವನ ಕೈಗೂ ಕೊಡಿ. ಕೆಲಸ ಬಿಡುತ್ತಿರುವವರು ನೀವಾದರೆ, ಮಾಲೀಕರು ಮರೆತರೂ ನೀವೇ ಕೇಳಿ ತಗೊಳ್ಳಿ.

ಇನ್ನು ವಾಪಸ್ ಬಂದ ಲ್ಯಾಪ್‌ಟಾಪ್. ಮರುದಿನವೇ ಫಾರ್ಮ್ಯಾಟ್ ಮಾಡಿ ಹೊಸಬರಿಗೆ ಕೊಡಬೇಡಿ. ಒಂದೆರಡು ತಿಂಗಳು ಹಾಗೇ ತೆಗೆದಿಡಿ. ಏನಾದರೂ ಅನುಮಾನ ಬಂದರೆ ಸಾಕ್ಷಿ ಇರುವುದು ಅದರಲ್ಲೇ. ಅದನ್ನು ನೀವೇ ತೆರೆದು ಹುಡುಕಾಡಿದರೆ ಫೈಲುಗಳ ದಿನಾಂಕ ಬದಲಾಗಿ ಸಾಕ್ಷಿ ಕೆಡಬಹುದು, ತಿಳಿದವರ ಕೈಗೆ ಕೊಡಿ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಯಾರು ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ 6 ತಿಂಗಳವರೆಗೆ ಮಾತ್ರ ಸಿಗುತ್ತದೆ. ಅನುಮಾನ ಬಂದ ದಿನವೇ ಅದನ್ನು ಇಳಿಸಿಟ್ಟುಕೊಂಡು, ಆ ಪ್ರತಿಯ ಜೊತೆಗೇ ಸೈಬರ್ ಪೊಲೀಸರ ಬಳಿ ಹೋಗಿ.